ಹುಳುಮನೆಗೆ ಐದು ಹಾರ್ಸ್‌ಪವರ್

ಆಗಸ್ಟ್ 1, 1994. ಸೋಮವಾರ

ನಿನ್ನೆ ಕೋನಪ್ಪನವರ ಜಗಲಿಯ ಮೇಲೆ ಭಾಗದ ಮಾತು ಮುಗಿಯಿತು. ನಮ್ಮ ತಂದೆಯ ಕಾಲದಿಂದಲೂ ಊರಿನ ಜಗಳಗಳನ್ನು ಹಗ್ಗ ಹಿಡಿದು ಅಳೆದು ಮುಗಿಸುವವರು ಅವರೇ. ನಮ್ಮಲ್ಲಿ ಜಗಳವಿರಲಿಲ್ಲ, ಆದರೂ ಅಳೆದರು. ಅಡುಗೆಮನೆ, ನಡುಮನೆ, ಬಾವಿ ಕಡೆಯ ಕೋಣೆ ಅತ್ತಿಗೆಗೆ. ಹಿತ್ತಲಿನ ಹುಳುಮನೆ, ಅದಕ್ಕೆ ಅಂಟಿದ ಚಿಕ್ಕ ಕೋಣೆ ನನಗೆ. ಹುಳುಮನೆ ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ಅದರಲ್ಲಿ ಅತ್ತಿಗೆ ಆದಿಲಕ್ಷ್ಮಮ್ಮ ಇಪ್ಪತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದಾರೆ. ‘ಇದೊಂದು ಬೆಳೆ ಮುಗಿಸ್ಕೊಂಡು ಬಿಟ್ಕೊಡ್ತೀನಿ ಕಣಪ್ಪ, ಆಮೇಲೆ ಗೌರಿಬಿದನೂರಿಗೆ ಮಂಗಮ್ಮನ ಮನೆಗೋಗಿ ಇದ್ಬಿಡ್ತೀನಿ’ ಅಂದರು. ಮಂಗಮ್ಮ ಅವರ ತಂಗಿ. ಒಪ್ಪತಕ್ಕ ಮಾತೇ.

ಬೆಂಗಳೂರಿನ ಕಾರ್ಖಾನೆಯ ಪೈಂಟ್ ಶಾಪಿನಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು ಸ್ವಯಂ ನಿವೃತ್ತಿ ತೆಗೆದುಕೊಂಡು ಜೂನ್‌ನಲ್ಲಿ ಊರಿಗೆ ಬಂದೆ. ಅಣ್ಣ ಮುನಿವೆಂಕಟಪ್ಪ ಹೋದ ದೀಪಾವಳಿಯ ಆಸುಪಾಸಿನಲ್ಲಿ ತೀರಿಕೊಂಡ. ನನಗೆ ಮದುವೆಯಾಗಿಲ್ಲ, ನಲವತ್ತಾರು. ನನಗೆ ಬರುವುದು ಒಂದೇ ಕೆಲಸ, ಕಬ್ಬಿಣದ ತುಕ್ಕು ತೆಗೆದು ಬಣ್ಣ ಹೊಡೆಯುವುದು.

ಶಿಡ್ಲಘಟ್ಟದ ನೂಲು ತೆಗೆಯುವ ಘಟಕಗಳಲ್ಲಿ ಹಬೆಗೂ ನೀರಿಗೂ ಸಿಕ್ಕಿ ಯಾವ ಕಬ್ಬಿಣವೂ ಎರಡು ವರ್ಷ ತಡೆಯುವುದಿಲ್ಲ. ಗಾಳಿಯ ಜೋರಿನಲ್ಲಿ ಮರಳು ಚಿಮ್ಮಿಸಿ ತುಕ್ಕು ಕೆರೆಯುವ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡುವವರು ಸುತ್ತ ಯಾರೂ ಇಲ್ಲ. ಒಂದು ಘಟಕದ ಯಜಮಾನರು ತಮ್ಮ ಅಷ್ಟೂ ಕಬ್ಬಿಣದ ಸ್ಟ್ಯಾಂಡುಗಳನ್ನು ಈ ಕೆಲಸಕ್ಕೆ ಕೊಡುತ್ತೇನೆಂದಿದ್ದಾರೆ. ಬೇಕಾಗಿರುವುದು ಒಂದು ಕಂಪ್ರೆಸರ್.

ಇದು ಕಾರ್ಖಾನೆಯಿಂದ ತಂದ ಇನ್‌ಸ್ಪೆಕ್ಷನ್ ಪುಸ್ತಕ, ಅರ್ಧ ಖಾಲಿ ಇದೆ. ಕಂಪ್ರೆಸರಿಗೆ ಸಂಬಂಧಪಟ್ಟದ್ದನ್ನು ಮಾತ್ರ ಇದರಲ್ಲಿ ಬರೆಯತಕ್ಕದ್ದು.

ಆಗಸ್ಟ್ 3, ಬುಧವಾರ

ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಹುಳು ಬಂದವು. ಎರಡನೇ ಜ್ವರ ಎದ್ದ ಮರಿಗಳು, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಗೂಡು. ಇದು ಕಂಪ್ರೆಸರಿಗೆ ಸಂಬಂಧಪಟ್ಟದ್ದೇ, ಏಕೆಂದರೆ ಈ ಬೆಳೆ ಮುಗಿಯುವವರೆಗೆ ಜಾಗ ಸಿಗುವುದಿಲ್ಲ. ಇಪ್ಪತ್ತನಾಲ್ಕು ದಿನ ಎಂದು ಲೆಕ್ಕ.

ಇವತ್ತಿನಿಂದ ಮನೆಯಲ್ಲಿ ಒಗ್ಗರಣೆ ಬಂದ್. ಮೆಣಸಿನಕಾಯಿ ಘಾಟು ಹುಳುವಿಗೆ ಆಗುವುದಿಲ್ಲ. ಬೀಡಿ ಬಾವಿಯ ಆಚೆ. ಊದುಬತ್ತಿ ದೇವರಿಗೂ ಇಲ್ಲ. ಹುಳುಮನೆಗೆ ಕಾಲು ತೊಳೆಯದೆ ಹೋಗುವಂತಿಲ್ಲ. ಕಾರ್ಖಾನೆಯಲ್ಲಿ ಮ್ಯಾನೇಜರಿಗೂ ಇಷ್ಟು ಹೆದರಿರಲಿಲ್ಲ. ಸಪ್ಪೆ ಸಾರಿನಲ್ಲಿ ಮುದ್ದೆ ನುಂಗಿದೆ.

ಆಗಸ್ಟ್ 6, ಶನಿವಾರ

ಚಿಂತಾಮಣಿಗೆ ಹೋಗಿದ್ದೆ. ಮೆಷಿನರಿ ಅಂಗಡಿಯ ನಲ್ಲಪ್ಪ ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವ ಮನುಷ್ಯ.

‘ಏಮಣ್ಣಾ, ಪೈಂಟಿಂಗಾ, ಬ್ಲಾಸ್ಟಿಂಗಾ?’

‘ಎರಡೂ.’

‘ಎರಡಕ್ಕೂ ಒಂದೇ ಮಿಷನ್ ಅಂದ್ರೆ ಎತ್ತು ಏರಿಗೆ, ಕೋಣ ನೀರಿಗೆ. ಪೈಂಟಿಗೆ ಒಂದು ಹೆಚ್.ಪಿ. ಸಾಕು. ಸಣ್ಣ ಟ್ಯಾಂಕು, ಕೆಳಗೆ ಚಕ್ರ ಇರುತ್ತೆ, ಮಗು ಥರ ತಳ್ಕೊಂಡು ಹೋಗ್ಬೋದು. ಮನೆ ಕರೆಂಟಲ್ಲೇ ಓಡುತ್ತೆ. ಮರಳು ಹೊಡೀಬೇಕಾ? ಐದು ಹೆಚ್.ಪಿ., ಎರಡು ಸಿಲಿಂಡರು, ಇನ್ನೂರಿಪ್ಪತ್ತು ಲೀಟರ್ ಟ್ಯಾಂಕು, ತ್ರೀ ಫೇಸು. ಕಾಂಕ್ರೀಟ್ ಬೆಡ್ ಹಾಕಿ ಬೋಲ್ಟ್ ಹೊಡೀಬೇಕು, ಮೇಲೆ ಸೂರಿರಬೇಕು. ಮತ್ತೆ ಅಲ್ಲಾಡಂಗಿಲ್ಲ.’

‘ಪ್ರೆಶರ್ ಸಣ್ಣದರಲ್ಲೂ ನೂರು ಪೌಂಡ್ ಬರುತ್ತಲ್ಲ.’

‘ಪ್ರೆಶರ್ ಎಲ್ಲಾ ಮಿಷನ್ನೂ ಕೊಡುತ್ತಣ್ಣ. ಮರಳಿಗೆ ಬೇಕಾಗಿರೋದು ನಿಲ್ಲದೆ ಬರೋ ಗಾಳಿ. ಸಣ್ಣದು ಎರಡು ನಿಮಿಷ ಊದಿ ನಾಲ್ಕು ನಿಮಿಷ ಉಸಿರು ಬಿಡುತ್ತೆ.’

ಅವನು ಹೇಳಿದ್ದು ಸರಿ. ನಮ್ಮ ಪೈಂಟ್ ಶಾಪಿನಲ್ಲೂ ಇದೇ ಅನುಭವ. ಐದು ಹೆಚ್.ಪಿ.ಯೇ ಆಗಬೇಕು, ಹುಳುಮನೆಯಲ್ಲೇ ಆಗಬೇಕು. ನನ್ನ ಚಿಕ್ಕ ಕೋಣೆಯಲ್ಲಿ ಅದನ್ನಿಟ್ಟರೆ ನಾನು ಹೊರಗೆ ಮಲಗಬೇಕು.

ಆಗಸ್ಟ್ 7, ಭಾನುವಾರ

ಬೆಡ್ ಹಾಕುವ ಜಾಗ ಅಳೆಯಲು ಟೇಪು ಹಿಡಿದು ಹುಳುಮನೆಗೆ ಹೋದೆ. ಕಾಲು ತೊಳೆದೇ ಹೋದೆ. ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ತಲೆ ಎತ್ತಿಕೊಂಡು ಅಲ್ಲಾಡದೆ ಇದ್ದವು, ಸಾವಿರಾರು.

‘ಜ್ವರದಲ್ಲವೆ. ಸದ್ದು ಮಾಡ್ಬೇಡ ಕಣಪ್ಪ’ ಅಂದರು ಅತ್ತಿಗೆ.

‘ಟೇಪು ಸದ್ದು ಮಾಡಲ್ಲ.’

‘ಬಿಟ್ಟಾಗ ಚರ್ ಅಂತ ಸುತ್ಕೊಳ್ಳುತ್ತಲ್ಲ, ಅದು?’

ಕೈಯಿಂದ ತಡೆದು ತಡೆದು ಸುತ್ತಿದೆ. ನಡುಮಧ್ಯೆ, ಮೂರು ಅಡಿಗೆ ಎರಡು ಅಡಿ. ಅತ್ತಿಗೆಯೇ ಟೇಪಿನ ಇನ್ನೊಂದು ತುದಿ ಹಿಡಿದಿದ್ದರು. ‘ಇಷ್ಟೇ ಜಾಗ ಸಾಕಾ?’ ಎಂದು ಕೇಳಿದರು. ಸುತ್ತ ಕೆಲಸಕ್ಕೂ ಜಾಗ ಬೇಕು, ಮರಳಿನ ಧೂಳಿಗೆ ಬೇರೆ ಏನೂ ಇಲ್ಲಿರಬಾರದು ಅಂದೆ. ‘ಅದೂ ಸರೀನೆ’ ಅಂದರು.

ಆಗಸ್ಟ್ 9, ಮಂಗಳವಾರ

ಮಳೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಕಟ್ಟುತ್ತದೆ. ಆ ನೀರು ಬಣ್ಣದ ಜೊತೆ ಬಂದರೆ ಬೊಬ್ಬೆ ಏಳುತ್ತದೆ. ನೀರು ಹಿಡಿಯುವ ಫಿಲ್ಟರ್ ಕಡ್ಡಾಯ. ನಲ್ಲಪ್ಪನನ್ನು ಕೇಳುವುದು.

ಒದ್ದೆ ಹಿಪ್ಪುನೇರಳೆ ಸೊಪ್ಪು ತಿಂದರೆ ಹುಳುವಿಗೂ ಭೇದಿಯಂತೆ. ಅತ್ತಿಗೆ ಸೀರೆಯ ಸೆರಗಿನಲ್ಲಿ ಎಲೆ ಎಲೆ ಒರೆಸುತ್ತಿದ್ದರು. ಆ ವೇಗದಲ್ಲಿ ಮೂರು ದಿನ ಬೇಕು. ನಡುಮನೆಯಲ್ಲಿ ಹಗ್ಗ ಕಟ್ಟಿ, ಸೊಪ್ಪಿನ ಕಡ್ಡಿಗಳನ್ನು ತಲೆಕೆಳಗಾಗಿ ನೇತುಹಾಕಿ ಟೇಬಲ್ ಫ್ಯಾನ್ ತಿರುಗಿಸಿದೆ. ಬಣ್ಣ ಹೊಡೆದ ಭಾಗಗಳನ್ನು ಒಣಗಿಸುವ ಪದ್ಧತಿ. ಮುಕ್ಕಾಲು ಗಂಟೆಯಲ್ಲಿ ಒಣಗಿತು. ‘ಓದಿದವನು ಓದಿದವನೇ’ ಅಂದರು. ನಾನು ಓದಿದ್ದು ಹತ್ತನೇ ಕ್ಲಾಸು.

ಆಗಸ್ಟ್ 12, ಶುಕ್ರವಾರ

ನಾಲ್ಕನೇ ಜ್ವರ. ಹುಳುಮನೆಯ ಕಿಟಕಿಗಳಿಗೆ ಊಜಿ ನೊಣ ಬಾರದಂತೆ ಬಲೆ ಹೊಡೆದಿದ್ದಾರೆ. ಅದರಲ್ಲಿ ಮೂರು ಕಡೆ ತೂತು. ಆ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟರೆ ಹುಳು ಹೋದಂತೆಯೇ. ಅಣ್ಣ ಹೋದ ಮೇಲೆ ಯಾರೂ ನೋಡಿಲ್ಲ. ಬಲೆ ಬದಲಾಯಿಸಿದೆ. ಸ್ಟ್ಯಾಂಡುಗಳಲ್ಲಿ ಜೋಡಿಸಿದ ಹುಳುವಿನ ತಟ್ಟೆಗಳಿಗೆ ಸೀಮೆಸುಣ್ಣದಿಂದ ಒಂದರಿಂದ ಮೂವತ್ತೆರಡರವರೆಗೆ ನಂಬರ್ ಹಾಕಿ ದಿನಕ್ಕೆರಡು ಸಲ ತಪಾಸಣೆ ಶುರು ಮಾಡಿದ್ದೇನೆ. 9ರಲ್ಲಿ ಹುಳು ಒತ್ತಾಗಿದ್ದವು, ಬೇರೆ ತಟ್ಟೆಗೆ ಹಂಚಿದೆ. 22ರಲ್ಲಿ ನಾಲ್ಕು ತಿರಸ್ಕೃತ. ಸುಮ್ಮನೆ ಕೂರುವುದಕ್ಕಿಂತ ಇದು ಒಳ್ಳೆಯದು.

ಕಂಪ್ರೆಸರ್: ವಿಶೇಷವಿಲ್ಲ.

ಆಗಸ್ಟ್ 15, ಸೋಮವಾರ

ಬಾವುಟ ಹಾರಿತು, ಕರೆಂಟು ಹೋಯಿತು. ಹುಳು ಜ್ವರ ಎದ್ದು ಮೇಯುತ್ತಿವೆ. ದಿನಕ್ಕೆ ಐದು ಸಲ ಸೊಪ್ಪು. ಕೈ ಬಿಡುವಿಲ್ಲ.

ಆಗಸ್ಟ್ 18, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೈಯ ರೂಢಿ ತಪ್ಪಬಾರದೆಂದು ಪಂಕ್ಚರ್ ಅಂಗಡಿಯ ಸಣ್ಣ ಕಂಪ್ರೆಸರನ್ನು ಒಂದು ದಿನದ ಮಟ್ಟಿಗೆ ತಂದು, ಕೋನಪ್ಪನವರ ಸ್ಕೂಟರಿನ ಮಡ್‌ಗಾರ್ಡಿಗೆ ಬಣ್ಣ ಹೊಡೆದೆ. ಹುಣಿಸೆ ಮರದ ಕೆಳಗೆ, ಹುಳುಮನೆಯಿಂದ ಎಂಬತ್ತು ಅಡಿ ದೂರ. ಗಾಳಿ ಆ ಕಡೆಗೆ ಬೀಸುತ್ತಿಲ್ಲವೆಂದು ಬೀಡಿ ಹಚ್ಚಿ ಹೊಗೆ ನೋಡಿದ ಮೇಲೆಯೇ ಶುರು ಮಾಡಿದೆ. ಬಣ್ಣ ಚೆನ್ನಾಗಿ ಕೂತಿತು. ಸ್ಪ್ರೇ ಗನ್ನನ್ನು ಬಣ್ಣ ಕರಗಿಸುವ ಥಿನ್ನರಿನಿಂದ ತೊಳೆದೆ. ಒರೆಸಲು ಬಟ್ಟೆ ಬೇಕಿತ್ತು. ಬಾವಿಯ ಕಟ್ಟೆಯ ಮೇಲೆ ಒಂದು ಗೋಣಿ ತಾಟು ಇತ್ತು. ಅದರ ಮೂಲೆಯಿಂದ ಒರೆಸಿ, ಇದ್ದ ಹಾಗೆಯೇ ಇಟ್ಟೆ.

ಅದು ಸೊಪ್ಪು ಬಾಡದಿರಲು ರಾಶಿಯ ಮೇಲೆ ಹೊದಿಸುವ ಗೋಣಿ. ಅತ್ತಿಗೆ ಅದನ್ನು ನೀರಿನಲ್ಲಿ ಅದ್ದಿ ಸೋರಲು ಇಟ್ಟಿದ್ದರು. ದಿನಾ ನೋಡುತ್ತಿದ್ದೇನೆ. ಎರಡು ಸಲ ನಾನೇ ಹೊದಿಸಿದ್ದೇನೆ.

ಮೂರು ಗಂಟೆಯ ಮೇವು ಕೊಡುವಾಗ ಅತ್ತಿಗೆ ಕರೆದರು. 17, 18, 19ನೇ ತಟ್ಟೆಯ ಹುಳು ತಲೆ ಎತ್ತಿ ಆಚೀಚೆ ಒದರುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಅತ್ತಿಗೆ ಸೊಪ್ಪು ಮೂಸಿದರು, ಆಮೇಲೆ ಗೋಣಿ ಮೂಸಿದರು. ನನ್ನ ಮುಖ ನೋಡಲಿಲ್ಲ.

‘ಮಿಕ್ಕಿದ್ ಸೊಪ್ಪೆಲ್ಲ ಆಚೆಗಾಕು. ಬೇಗ.’

ಅಷ್ಟೇ ಅಂದದ್ದು. ನಾನು ಸೊಪ್ಪು ಸುರಿದು, ಸೈಕಲ್ ತೆಗೆದುಕೊಂಡು ಕೋನಪ್ಪನವರ ತೋಟದಿಂದ ಎರಡು ಹೊರೆ ತಂದೆ. ಉಳಿದ ಇಪ್ಪತ್ತೊಂಬತ್ತು ತಟ್ಟೆ ಉಳಿದವು. ಮೂರು ತಟ್ಟೆಯನ್ನು ಅತ್ತಿಗೆ ಹಿತ್ತಲ ಗುಂಡಿಗೆ ಹಾಕಿ ಸುಣ್ಣ ಎರಚಿ ಮುಚ್ಚಿದರು. ನಾನು ಗುದ್ದಲಿ ಹಿಡಿದರೆ ‘ಬೇಡ’ ಅಂದರು.

ಆಗಸ್ಟ್ 19, ಶುಕ್ರವಾರ

ಕಾರ್ಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಒಂದು ಭಾಗ ಕೆಟ್ಟು ವಾಪಸು ಬಂದದ್ದಿಲ್ಲ. ನಾಚಿಕೆಯಾಗುತ್ತಿದೆ. ಭಯವೂ ಆಗುತ್ತಿದೆ. ಏತರ ಭಯವೆಂದು ತಿಳಿಯುತ್ತಿಲ್ಲ, ಸತ್ತ ಹುಳು ಸತ್ತಾಯಿತು.

ಬೆಳಗಿನ ಊಟಕ್ಕೆ ಹೋಗಲಿಲ್ಲ. ಹನ್ನೊಂದಕ್ಕೆ ಅತ್ತಿಗೆ ಊಟದ ತಟ್ಟೆ ಹಿಡಿದು ಕೋಣೆಯ ಬಾಗಿಲಿಗೆ ಬಂದರು.

‘ನಿಮ್ಮಣ್ಣ ಒಂದ್ಸಲ ಹೊಗೆಸೊಪ್ಪಿನ ಹೊಲದ ಪಕ್ಕದ ಸೊಪ್ಪು ತಂದಾಕಿ ಅರ್ಧ ಬೆಳೆ ಕಳೆದ್ರು. ನಾಲ್ಕು ದಿನ ಅನ್ನ ಬಿಟ್ರು. ಅದ್ರಿಂದ ಹುಳ ಏನಾದ್ರೂ ಎದ್ದು ಬಂದ್ವಾ? ಉಣ್ಣಪ್ಪ. ಉಂಡು ಬಂದು ಸೊಪ್ಪಾಕು, ನಂಗೊಬ್ಬಳಿಗೆ ಕೈ ಸಾಲ್ತಿಲ್ಲ.’

ನಾನು ಎಂಟು ವರ್ಷದವನಿದ್ದಾಗ ಅತ್ತಿಗೆ ಈ ಮನೆಗೆ ಮದುವೆಯಾಗಿ ಬಂದರು. ಆಗಲೂ ನನಗೆ ಹೀಗೇ ಬಾಗಿಲಿಗೆ ತಂದು ಕೊಡುತ್ತಿದ್ದರು. ಉಂಡೆ. ಕೈಯನ್ನು ಮೂರು ಸಲ ಸೋಪಿನಿಂದ, ಒಂದು ಸಲ ಬೂದಿಯಿಂದ ತೊಳೆದು ಹುಳುಮನೆಗೆ ಹೋದೆ.

ಆಗಸ್ಟ್ 21, ಭಾನುವಾರ

ಹಣ್ಣಾದವು. ಹುಳು ಮೇವು ಬಿಟ್ಟು ಮೈ ಹಳದಿಗೆ ತಿರುಗಿದರೆ ಹಣ್ಣು. ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಸುರುಳಿ ಕಟ್ಟಿದ ಬಿದಿರಿನ ತಡಿಕೆಗೆ ಬಿಡಬೇಕು. ಕೋನಪ್ಪನವರ ಮನೆಯ ಹೆಂಗಸರೆಲ್ಲ ಬಂದಿದ್ದರು. ಹಣ್ಣಾಗದ್ದನ್ನು ನಾನು ಆರಿಸುತ್ತಿದ್ದೇನೆಂದು ನಕ್ಕರು. ಅತ್ತಿಗೆ ಒಂದು ಹುಳುವನ್ನು ಬೆಳಕಿಗೆ ಹಿಡಿದು ಮೈ ಪಾರದರ್ಶಕವಾಗಿ ಕಾಣುವುದನ್ನು ತೋರಿಸಿದರು. ಆಮೇಲೆ ನಾನು ತಪ್ಪಲಿಲ್ಲ. ಸಂಜೆಯ ಹೊತ್ತಿಗೆ ಸೊಂಟ ನನ್ನದಲ್ಲ.

ಆಗಸ್ಟ್ 27, ಶನಿವಾರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಅತ್ತಿಗೆ, ನಾನು, ಏಳು ಚೀಲ. ನೂಲು ತೆಗೆಯುವವರು ಬಂದು ಗೂಡಿನ ರಾಶಿಯಲ್ಲಿ ಮೊಣಕೈವರೆಗೆ ಕೈ ಹಾಕಿ ತಿರುವುತ್ತಾರೆ. ಒಬ್ಬ ನಮ್ಮ ಗೂಡನ್ನು ಅಮುಕಿ ನೋಡಿ ‘ಮೆತ್ತಗಿದೆ’ ಅಂದ. ನನಗೆ ಕೆಟ್ಟ ಸಿಟ್ಟು ಬಂತು. ‘ಯಾವುದು ಮೆತ್ತಗಿರೋದು ತೋರ್ಸಿ, ಒಂದೇ ಒಂದು ತೋರ್ಸಿ’ ಅಂತ ಗೂಡು ಎತ್ತಿ ಎತ್ತಿ ಅವನ ಕೈಗೆ ಕೊಟ್ಟೆ. ಅತ್ತಿಗೆ ಶರಟು ಹಿಡಿದೆಳೆದರು. ಕೊನೆಗೆ ಒಳ್ಳೆಯ ದರಕ್ಕೇ ಹೋಯಿತು.

ನನಗೆ ಕೆಲಸ ಕೊಡುತ್ತೇನೆಂದಿದ್ದ ಯಜಮಾನರು ಅಲ್ಲೇ ಸಿಕ್ಕರು. ‘ಕ್ಯಾ ನರಸಿಂಹಪ್ಪ, ಮಿಷನ್ ಬಂತಾ? ಸ್ಟ್ಯಾಂಡೆಲ್ಲ ಬಿಚ್ಚಿಸ್ಲಾ?’ ಬೆಡ್ ಹಾಕುವುದಿದೆ ಅಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತಿಗೆ ಗೌರಿಬಿದನೂರಿಗೆ ಹೇಗೆ ಹೋಗುವುದೆಂದು ಕೇಳಿದರು. ಚಿಕ್ಕಬಳ್ಳಾಪುರದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು, ನಮ್ಮೂರಿಗೆ ಹನ್ನೆರಡೂವರೆಗೆ ಬರುವ ಬಸ್ಸು ಅನುಕೂಲ ಎಂದು ಹೇಳಿದೆ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟೆ.

ಆಗಸ್ಟ್ 29, ಸೋಮವಾರ

ಹುಳು ಇಲ್ಲ, ನಿರ್ಬಂಧ ಇಲ್ಲ. ಅತ್ತಿಗೆ ಬೆಳ್ಳುಳ್ಳಿ ಮೆಣಸಿನಕಾಯಿ ಒಗ್ಗರಣೆ ಹಾಕಿ ಹುರುಳಿ ಸಾರು ಮಾಡಿದ್ದರು. ಇಪ್ಪತ್ತಾರು ದಿನ ಬಯಸಿದ ಸಾರು. ಎಂದಿನಂತೆ ಐದು ಗಂಟೆಗೆ ಎದ್ದು ಹುಳುಮನೆಗೆ ಹೋಗಿದ್ದೆ, ಕಾಲು ತೊಳೆದು. ಒಳಗೆ ಖಾಲಿ ತಟ್ಟೆ. ತಪಾಸಣೆಗೆ ಏನೂ ಇಲ್ಲದಿದ್ದರೂ ಒಂದು ಸುತ್ತು ಬಂದೆ. ಮನೆ ಬಿಕೋ ಎನ್ನುತ್ತಿದೆ. ಸಾರು ಅಷ್ಟೇನೂ ರುಚಿಸಲಿಲ್ಲ.

ಅತ್ತಿಗೆ ಭಾನುವಾರ ಹೊರಡುತ್ತಾರಂತೆ.

ಸೆಪ್ಟೆಂಬರ್ 1, ಗುರುವಾರ

ಚಿಂತಾಮಣಿಗೆ ಹೋಗಿ ಕಂಪ್ರೆಸರ್ ಗೊತ್ತು ಮಾಡಿದೆ. ಒಂದು ಹೆಚ್.ಪಿ., ಚಕ್ರ ಇರುವುದು. ಕಾರಣಗಳು: ನಮ್ಮೂರಿನ ತ್ರೀ ಫೇಸ್ ಹಗಲಲ್ಲಿ ಮೂರು ಗಂಟೆಯೂ ನಿಲ್ಲುವುದಿಲ್ಲ. ಮರಳಿನ ಧೂಳು ಎದೆಗೆ ಒಳ್ಳೆಯದಲ್ಲ, ಕಾರ್ಖಾನೆಯಲ್ಲಿ ಆ ವಿಭಾಗದ ಇಬ್ಬರು ಕೆಮ್ಮಿ ಕೆಮ್ಮಿಯೇ ಮನೆಗೆ ಹೋದರು. ಸಣ್ಣ ಮಿಷನ್ನಾದರೆ ಗಿರಾಕಿಯ ಮನೆ ಬಾಗಿಲಿಗೇ ತಳ್ಳಿಕೊಂಡು ಹೋಗಿ ಬಣ್ಣ ಹೊಡೆಯಬಹುದು, ನಮ್ಮ ಮನೆಗೆ ಥಿನ್ನರ್ ತರುವ ಅಗತ್ಯವೇ ಇಲ್ಲ.

‘ಮರಳು?’ ಅಂದ ನಲ್ಲಪ್ಪ.

‘ಬೇಡ.’

‘ತಿಂಗಳಿಂದ ಮರಳು ಮರಳು ಅಂತಿದ್ರಲ್ಲಣ್ಣ. ದೊಡ್ಡ ಕೆಲ್ಸ ಐತೆ ಅಂದ್ರಿ?’

ಕಾರಣಗಳನ್ನು ಹೇಳಿದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ಬರುವಾಗ ಶಿಡ್ಲಘಟ್ಟದಲ್ಲಿ ಇಳಿದು ಯಜಮಾನರಿಗೂ ಆಗುವುದಿಲ್ಲವೆಂದು ತಿಳಿಸಿದೆ. ಅಲ್ಲಿಂದ ಚಾಕಿ ಕೇಂದ್ರಕ್ಕೆ ಹೋದೆ. ನಮ್ಮ ತೋಟದ ಎರಡನೇ ತುಂಡಿನಲ್ಲಿ ಸೊಪ್ಪು ಬಲಿತು ನಿಂತಿದೆ, ಹಾಗೆ ಬಿಟ್ಟರೆ ಹಾಳು. ನೂರು ಮೊಟ್ಟೆಯ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳಷ್ಟು, ಹುಳು ಹೇಳಿದೆ. ಭಾನುವಾರ ಬೆಳಿಗ್ಗೆ ಎರಡನೇ ಜ್ವರ ಎದ್ದವು ಇವೆ ಅಂದರು. ಯಾರ ಹೆಸರಿಗೆ ಅಂದರು. ಆದಿಲಕ್ಷ್ಮಮ್ಮ ಎಂದು ಬರೆಸಿದೆ.

ಅತ್ತಿಗೆಗೆ ಹೇಳುವ ಸಂದರ್ಭ ಬರಲಿಲ್ಲ. ಊಟಕ್ಕೆ ಕೂತಾಗ ಎರಡು ಸಲ ಬಾಯಿ ತೆರೆದೆ. ಎರಡನೇ ಸಲ ಉಪ್ಪು ಕೇಳಿದೆ. ನಾಳೆ ಕಾರ್ಖಾನೆಯ ಕಾಗದಗಳಿಗೆ ಸಹಿ ಹಾಕಲು ಬೆಂಗಳೂರಿಗೆ ಹೋಗಬೇಕು, ಎರಡು ದಿನದ ಕೆಲಸ.

ಸೆಪ್ಟೆಂಬರ್ 4, ಭಾನುವಾರ

ಬೆಂಗಳೂರಿನಿಂದ ಮೊದಲ ಬಸ್ಸಿಗೆ ಹೊರಟು ಶಿಡ್ಲಘಟ್ಟದಲ್ಲಿ ಇಳಿದು, ಹುಳುವಿನ ತಟ್ಟೆಗಳನ್ನು ಆಟೋದಲ್ಲಿಟ್ಟುಕೊಂಡು ಊರಿಗೆ ಬಂದಾಗ ಹನ್ನೊಂದೂವರೆ. ಬಾಗಿಲಲ್ಲಿ ಅತ್ತಿಗೆಯ ಟ್ರಂಕು, ಒಂದು ಚೀಲ. ಹೊಸ ಸೀರೆ ಉಟ್ಟಿದ್ದರು. ನನ್ನನ್ನು ನೋಡಿ, ‘ಬಂದ್ಯಾ? ಬಾ, ಹೋಗೋಕ್ ಮುಂಚೆ ನಿಂಗೊಂದು ತೋರುಸ್ಬೇಕು’ ಎಂದು ಹಿತ್ತಲಿಗೆ ನಡೆದರು. ಆಟೋದಲ್ಲಿ ಏನಿದೆಯೆಂದು ನೋಡಲಿಲ್ಲ.

ಹುಳುಮನೆ ಖಾಲಿ. ನೆಲವನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದಿದ್ದರು. ನಾಲ್ಕೂ ಗೋಡೆಗೆ ಹೊಸ ಸುಣ್ಣ. ಬಾಗಿಲ ಪಕ್ಕದಲ್ಲಿ ತ್ರೀ ಫೇಸಿನ ವೈರು ಎಳೆಸಿ ಸ್ವಿಚ್ಚಿನ ಹಲಗೆ ಹೊಡೆಸಿದ್ದರು. ನಡುಮಧ್ಯೆ ಮೂರು ಅಡಿಗೆ ಎರಡು ಅಡಿಯ ಕಾಂಕ್ರೀಟ್ ಬೆಡ್, ಇನ್ನೂ ಹಸಿ, ಮೇಲೆ ಒದ್ದೆ ಹುಲ್ಲು ಹೊದಿಸಿತ್ತು. ಬೋಲ್ಟಿಗೆ ನಾಲ್ಕು ತೂತು ಕೂಡ ಬಿಡಿಸಿದ್ದರು.

‘ನಾನು ಹೋದ್ಮೇಲೆ ಇದುಕ್ಕೆ ನೀರು ಹಾಕೋದು ಮರೀಬೇಡ’ ಅಂದರು.

ಹೇಳಬೇಕಾದ್ದು ಬಹಳ ಇತ್ತು, ಬಾಯಿಗೆ ಬಂದದ್ದು ಇಷ್ಟೇ: ‘ಸ್ಟ್ಯಾಂಡೆಲ್ಲಿ? ತಟ್ಟೆ ಎಲ್ಲಿ?’

‘ಕೋನಪ್ಪನೋರ ಮನೇಗೆ ಕೊಟ್ಟೆ. ಅವುರ್ಗಾದ್ರೂ ಆಗ್ಲಿ ಅಂತ. ಯಾಕೆ?’

‘ಆಟೋದಲ್ಲಿ ಹುಳು ಇದೆ.’

‘ಯಾವ್ ಹುಳ?’

‘ನೂರು ಮೊಟ್ಟೆ. ಬೆಳಗ್ಗೆ ಆರಕ್ಕೆ ಮೇವು ಹಾಕಿದ್ದಂತೆ.’

ಅತ್ತಿಗೆ ಬೆಡ್ಡನ್ನು ನೋಡಿ, ನನ್ನನ್ನು ನೋಡಿದರು. ಅವರಿಗೆ ಅರ್ಥವಾಯಿತೆಂದು ನನಗೆ ಗೊತ್ತಾಯಿತು. ಆಮೇಲೆ ಅವರು ಬೈದದ್ದು ಇಡೀ ಬೀದಿಗೆ ಕೇಳಿಸಿತು. ‘ಆರುಕ್ಕೆ ಹಾಕಿ ಹನ್ನೆರಡಾಗ್ತಾ ಬಂತಲ್ಲೋ! ಬಾಯಿ ಬಿಟ್ಟು ಒಂದ್ ಮಾತು ಹೇಳೋಕೇನಾಗಿತ್ತು ನಿಂಗೆ, ಮೂಗನಾ ನೀನು? ಹಸ್ಕೊಂಡವೆ ಕಣೋ ಅವು! ನಿಂತ್ಕೊಂಡು ಏನ್ ನೋಡ್ತೀಯ, ಓಡು!’

ಓಡಿದೆ. ಕೋನಪ್ಪನವರು ಊಟಕ್ಕೆ ಕೂತಿದ್ದರು. ಕೊಟ್ಟ ಸ್ಟ್ಯಾಂಡು ವಾಪಸು ಕೇಳುವುದು ಯಾವ ನ್ಯಾಯ ಎಂದು ತುತ್ತು ಹಿಡಿದೇ ಕೇಳಿದರು. ನ್ಯಾಯ ಆಮೇಲೆ ಮಾತಾಡೋಣ, ಈಗ ಒಂದು ಕಡೆ ಹಿಡಿಯಿರಿ ಅಂದೆ. ಎಂಜಲು ಕೈ ತೊಳೆದು ಹಿಡಿದರು. ಆಟೋದವನೂ ಎರಡು ಸಲ ಹೊತ್ತ. ಅಷ್ಟರಲ್ಲಿ ಅತ್ತಿಗೆ ಹೊಸ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ತೋಟಕ್ಕೆ ಹೋಗಿ ಎಳೆ ಸೊಪ್ಪು ತಂದಿದ್ದರು. ಸ್ಟ್ಯಾಂಡುಗಳನ್ನು ಬೆಡ್ಡಿನ ಸುತ್ತ ನಿಲ್ಲಿಸಿದೆವು. ಅದು ಪ್ರತಿಯೊಬ್ಬರ ಕಾಲಿಗೂ ತಗಲುತ್ತಿತ್ತು, ದಾಟಿಕೊಂಡೇ ಓಡಾಡಿದೆವು.

ನಾನು ಸೊಪ್ಪು ಹೆಚ್ಚುತ್ತಿದ್ದೆ, ಅತ್ತಿಗೆ ಹರಡುತ್ತಿದ್ದರು. ರಸ್ತೆಯಲ್ಲಿ ಹನ್ನೆರಡೂವರೆಯ ಬಸ್ಸು ಹಾರನ್ ಹೊಡೆದು, ಸ್ವಲ್ಪ ಹೊತ್ತು ನಿಂತು, ಹೋಯಿತು.

‘ಬಸ್ಸು ಹೋಯ್ತು’ ಅಂದೆ.

‘ಕೇಳುಸ್ತು.’

‘ನಾಳೆನೂ ಇದೆ.’

ಅತ್ತಿಗೆ ತಟ್ಟೆಯಿಂದ ತಲೆ ಎತ್ತಲಿಲ್ಲ. ‘ನಾಳಿದ್ದೋ ಆಚೆನಾಳಿದ್ದೋ ಜ್ವರಕ್ಕೆ ಕೂರ್ತವೆ. ಜ್ವರದಲ್ಲಿ ಬಿಟ್ಟು ಹೆಂಗೋಗಕಾಗುತ್ತೆ? ಇನ್ನೂ ಸಣ್ಣಕ್ಕೆ ಹೆಚ್ಚು’ ಅಂದರು.